ಕೇಳಿ, ಹೇಳ್ತೀವಿ: ಲಕ್ಸ್ ಮೀಟರ್ ಯಾರ ಕಣ್ಣಿಂದ ನೋಡತ್ತೆ?

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಬೆಳಕು ಅಳೆಯೋ ಮೀಟರ್‌ಗಳ ಮೇಲೇನೇ. ಒಬ್ರು ಸೇವಂತಿಗೆ ತೋಟದಿಂದ, ಒಬ್ರು ಆಸ್ಪತ್ರೆ ವಾರ್ಡಿಂದ, ಇನ್ನೊಬ್ರು ಪಾವಗಡದ ಸೋಲಾರ್ ಪಾರ್ಕಿಂದ ಕೇಳಿದ್ದಾರೆ, ಸುತ್ತಿ ಬಳಸಿ ನೋಡಿದ್ರೆ ಹೆಚ್ಚಿನವರ ತಕರಾರು ಒಂದೇ, ಮೀಟರ್ ಹೇಳೋದು ಒಂದು, ನಡೆಯೋದು ಇನ್ನೊಂದು. ಮೊದಲನೇ ಉತ್ತರ ಉದ್ದ ಆಗಿದೆ, ಬೇಜಾರಾಗಬೇಡಿ, ಅದು ತಲೆಗೆ ಹೋದ್ರೆ ಮಿಕ್ಕಿದ್ದು ಸಲೀಸು.

ಪ್ರಶ್ನೆ: ಸೇವಂತಿಗೆಗೆ ರಾತ್ರಿ ಲೈಟ್ ಬಿಡ್ತೀವಿ. ಮುಂಚೆ ಹಳೇ ಫಿಲಮೆಂಟ್ ಬಲ್ಬ್ ಕಟ್ಟಿದ್ವಿ, ಆವಾಗ ಒಬ್ರು ಲಕ್ಸ್ ಮೀಟರ್ ತಂದು ಗಿಡದ ತುದೀಲಿ 100 ಬಂದ್ರೆ ಸಾಕು ಅಂತ ಹೇಳಿ ಹೋಗಿದ್ರು. ಈ ವರ್ಷ ಕೆಂಪು ಎಲ್‌ಇಡಿ ಹಾಕಿದ್ದೀವಿ, ಅದೇ ಮೀಟರ್ ಹಿಡಿದ್ರೆ ಬರೀ 15 ತೋರಿಸ್ತಿದೆ. ಅಂಗಡಿಯವನು ಟೋಪಿ ಹಾಕಿದ್ನಾ, ಇಲ್ಲ ಮೀಟರ್ ಕೆಟ್ಟೋಯ್ತಾ?
(ಸೇವಂತಿಗೆ ಬೆಳೆಗಾರರು, ಚಿಕ್ಕಬಳ್ಳಾಪುರ ತಾಲ್ಲೂಕು)

ಉತ್ತರ: ಅಣ್ಣಾ, ಅಂಗಡಿಯವನ ಹತ್ರ ಜಗಳಕ್ಕೆ ಹೋಗೋ ಮುಂಚೆ ಸ್ವಲ್ಪ ತಡೀರಿ, ಬಲ್ಬೂ ಸರಿ ಇರಬಹುದು ಮೀಟರೂ ಸರಿ ಇರಬಹುದು. ಲಕ್ಸ್ ಅನ್ನೋದು ಅಲ್ಲಿ ಬೀಳ್ತಿರೋ ಬೆಳಕಿನ ಒಟ್ಟು ಲೆಕ್ಕ ಅಲ್ವೇ ಅಲ್ಲ, ಮನುಷ್ಯರ ಕಣ್ಣಿಗೆ ಅದು ಎಷ್ಟು ಬೆಳಕು ಅನ್ನಿಸತ್ತೆ ಅನ್ನೋ ಲೆಕ್ಕ. ನಮ್ಮ ಕಣ್ಣಿಗೆ ಹಗಲು ಹೊತ್ತು 555 ನ್ಯಾನೋಮೀಟರ್ ತರಂಗಾಂತರದ ಹಸಿರು-ಹಳದಿ ಬೆಳಕು ಎಲ್ಲಕ್ಕಿಂತ ಜೋರಾಗಿ ಕಾಣತ್ತೆ (ಒಂದು ಮಿಲಿಮೀಟರನ್ನ ಹತ್ತು ಲಕ್ಷ ತುಂಡು ಮಾಡಿದ್ರೆ ಒಂದು ತುಂಡೇ ಒಂದು ನ್ಯಾನೋಮೀಟರ್), ಅಲ್ಲಿಂದ ನೀಲಿ ಕಡೆ ಹೋದ್ರೂ ಅಷ್ಟೇ ಕೆಂಪಿನ ಕಡೆ ಹೋದ್ರೂ ಅಷ್ಟೇ, ಕಣ್ಣು ಮಂಕಾಗ್ತಾ ಹೋಗತ್ತೆ. ಈ ಏರಿಳಿತಕ್ಕೆ ಬೆಳಕಿನ ಅಂತರರಾಷ್ಟ್ರೀಯ ಆಯೋಗ, ಅಂದ್ರೆ ಸಿಐಇ, 1924ರಲ್ಲೇ ಒಂದು ಕರ್ವ್ ಗೊತ್ತು ಮಾಡಿಟ್ಟಿದೆ, ಇವತ್ತಿಗೂ ಲಕ್ಸ್ ಮೀಟರ್‌ಗಳೆಲ್ಲ ಅದೇ ಕರ್ವ್ ಹಿಡ್ಕೊಂಡೇ ಓಡೋದು. ಅದರ ಪ್ರಕಾರ 555ರ ಬೆಳಕು ಒಂದು ವ್ಯಾಟ್ ಬಿದ್ರೆ 683 ಲ್ಯೂಮೆನ್ (ಕಣ್ಣಿನ ಲೆಕ್ಕದಲ್ಲಿ ಬೆಳಕು ಅಳೆಯೋ ಅಳತೆ, ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ರೆ ಅದೇ ಒಂದು ಲಕ್ಸ್), ಅದೇ ಒಂದು ವ್ಯಾಟ್ 660ರ ಗಾಢ ಕೆಂಪು ಬಿದ್ರೆ ಸುಮಾರು 42, 450ರ ನೀಲಿ ಬಿದ್ರೆ 26ರ ಹತ್ರ. ಶಕ್ತಿ ಅಷ್ಟೇ, ಬೆಲೆ ಮಾತ್ರ ಬೇರೆ ಬೇರೆ.

ಕೋಲಾರದ ಟೊಮ್ಯಾಟೊ ಮಂಡೀಲಿ ಒಬ್ಬ ವ್ಯಾಪಾರಿ ದೋರೆಗಾಯಿಗೆ ಮಾತ್ರ ಪೂರ್ತಿ ರೇಟ್ ಕೊಟ್ಟು, ಚೆನ್ನಾಗಿ ಕೆಂಪಾಗಿರೋ ಬಾಕ್ಸಿಗೆ ರೂಪಾಯಿಗೆ ಆರು ಪೈಸೆ ಹಂಗೆ ಬರೆದ್ರೆ ಹೆಂಗಿರತ್ತೆ, ಚೀಟೀಲಿ ಬಂದ ದುಡ್ಡು ನೋಡಿ ಎಷ್ಟು ಬಾಕ್ಸ್ ಇಳೀತು ಅಂತ ಹೇಳೋಕಾಗತ್ತಾ? ನಿಮ್ಮ ಲಕ್ಸ್ ಮೀಟರ್ ಅಂಥಾ ವ್ಯಾಪಾರಿ.

ಗಿಡದ ಕಥೇನೇ ಬೇರೆ. ಸೇವಂತಿಗೆ ಮೊಗ್ಗು ಬಿಡೋದು ರಾತ್ರಿ ಉದ್ದ ಆದಾಗ, ನೀವು ಮಧ್ಯರಾತ್ರಿ ಲೈಟ್ ಹಾಕಿ ಆ ಉದ್ದ ರಾತ್ರೀನ ಎರಡು ತುಂಡು ಮಾಡ್ತೀರಿ, ಗಿಡ ಇನ್ನೂ ಹಗಲು ದೊಡ್ಡದಿದೆ ಅಂದ್ಕೊಂಡು ಮೊಗ್ಗು ಕಟ್ಟದೆ ಕಡ್ಡಿ ಉದ್ದ ಮಾಡ್ಕೊಂಡು ಹೋಗತ್ತೆ. (ರಾತ್ರಿ ಬಸ್ಸಲ್ಲಿ ಹೋಗೋ ಬೆಂಗಳೂರಿನವರು ಆ ಸಾಲು ದೀಪ ನೋಡಿ ಯಾರದೋ ಮದುವೆ ಅಂತಾರೆ, ಅದು ಬೇರೆ ವಿಷಯ.) ಈ ಕೆಲಸ ಮಾಡೋದು ಎಲೆಯಲ್ಲಿರೋ ಫೈಟೋಕ್ರೋಮ್ ಅನ್ನೋ ಬಣ್ಣದ ಪ್ರೋಟೀನ್, ಅದು ಎಲ್ಲಕ್ಕಿಂತ ಚೆನ್ನಾಗಿ ಹೀರೋದು 660ರ ಆಸುಪಾಸಿನ ಕೆಂಪನ್ನ. ಅಂದ್ರೆ ನಮ್ಮ ಕಣ್ಣು ಎಲ್ಲಿ ಸೋಲತ್ತೋ ಅಲ್ಲೇ ಗಿಡದ ಕಣ್ಣು ಚುರುಕು.

ಈಗ ನಿಮ್ಮ 15ಕ್ಕೆ ಬರೋಣ. ಗಿಡದ ಲೆಕ್ಕಕ್ಕೆ ಬಳಸೋದು ಬೆಳಕಿನ ಕಣಗಳ ಎಣಿಕೆ, ಅದರ ಅಳತೆ ಒಂದು ಚದರ ಮೀಟರಿಗೆ ಒಂದು ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಅಂತ. ಫಿಲಮೆಂಟ್ ಬಲ್ಬಿನ 100 ಲಕ್ಸ್ ಅಂದ್ರೆ ಹೆಚ್ಚುಕಮ್ಮಿ 2 ಮೈಕ್ರೋಮೋಲ್. 660ರ ಕೆಂಪು ಎಲ್‌ಇಡಿಯಿಂದ ಅದೇ 2 ಮೈಕ್ರೋಮೋಲ್ ಬೀಳಿಸಿದ್ರೆ ಲಕ್ಸ್ ಮೀಟರಲ್ಲಿ ಬರೋದು ಎಷ್ಟು ಗೊತ್ತಾ, 15! ನಿಮ್ಮ ಮೀಟರ್ ತೋರಿಸ್ತಿರೋದೂ ಅಷ್ಟೇ.

ಆದ್ರೆ ಒಂದು ಮಾತು, ನಿಮ್ಮ ಎಲ್‌ಇಡಿ ನಿಜವಾಗ್ಲೂ 660ದಾ ಅಂತ ಕೇಳಿ ತಿಳ್ಕೊಳ್ಳಿ. ಮಾರ್ಕೆಟಲ್ಲಿ 630ರ ಕೆಂಪೂ ಸಿಗತ್ತೆ, ಅದು ನೋಡೋಕೆ ಇನ್ನೂ ಜೋರಾಗಿ ಕಾಣತ್ತೆ, ಆದ್ರೆ ಆ ಬಣ್ಣದಲ್ಲಿ 15 ಲಕ್ಸ್ ಅಂದ್ರೆ ಅರ್ಧ ಮೈಕ್ರೋಮೋಲ್ ಕೂಡ ಇಲ್ಲ. ಎರಡು ಲೈಟ್ ಪಕ್ಕಪಕ್ಕ ಹಿಡಿದು ಜೋರಾಗಿರೋದನ್ನ ಆರಿಸ್ಕೊಂಡು ಬಂದ್ರೆ ಗಿಡಕ್ಕೆ ಕಮ್ಮಿ ಉಪಯೋಗ ಆಗೋದೇ ಸಿಗೋ ಚಾನ್ಸ್ ಇದೆ. ಜೊತೆಗೆ, ಕಮ್ಮಿ ರೇಟಿನ ಲಕ್ಸ್ ಮೀಟರ್‌ಗಳು ಈ ಗಾಢ ಕೆಂಪಿನ ಕೊನೇಲಿ ಸಿಐಇ ಕರ್ವಿಗೆ ಸರಿಯಾಗಿ ಹೊಂದಿಕೊಳ್ಳಲ್ಲ. ಯಾಕಂದ್ರೆ ಒಳಗಿರೋದು ಸಿಲಿಕಾನ್ ಫೋಟೋಡಯೋಡ್, ಅದಕ್ಕೆ ಹುಟ್ಟಾ ಇಷ್ಟವಾದ ಜಾಗ 900 ನ್ಯಾನೋಮೀಟರ್ ಕಡೆ, ನಮಗೆ ಕಾಣದೇ ಇರೋ ಇನ್‌ಫ್ರಾರೆಡ್ಡು, ಅದರ ಮುಂದೆ ಹಸಿರು ಛಾಯೆಯ ಫಿಲ್ಟರ್ ಗಾಜು ಇಟ್ಟು ಬಲವಂತವಾಗಿ ಮನುಷ್ಯರ ಕಣ್ಣಿನ ಥರ ನಡ್ಕೊಳ್ಳೋ ಹಂಗೆ ಮಾಡಿರ್ತಾರೆ. ಆ ಗಾಜು ಎಷ್ಟು ಚೆನ್ನಾಗಿದ್ಯೋ ಮೀಟರ್ ಅಷ್ಟು ಚೆನ್ನಾಗಿರತ್ತೆ. ಒಳ್ಳೆ ಕಂಪನಿಗಳು ಈ ವ್ಯತ್ಯಾಸನ ಎಫ್-ಒನ್ ಪ್ರೈಮ್ ಅಂತ ಶೇಕಡಾ ಲೆಕ್ಕದಲ್ಲಿ ಬರೆದಿರ್ತಾರೆ, ಅಗ್ಗದ್ದರಲ್ಲಿ ಆ ಸಾಲೇ ಇರಲ್ಲ.

ಸರಿಯಾದ ಸಾಧನ ಅಂದ್ರೆ ಪಾರ್ ಮೀಟರ್, ಅದನ್ನೇ ಕ್ವಾಂಟಮ್ ಸೆನ್ಸರ್ ಅಂತಾನೂ ಅಂತಾರೆ. ಅದು 400ರಿಂದ 700 ನ್ಯಾನೋಮೀಟರ್‌ವರೆಗೆ ಬರೋ ಕಣಗಳನ್ನ ಯಾವ ಬಣ್ಣ ಅಂತ ಭೇದ ಮಾಡದೆ ಎಣಿಸತ್ತೆ. ರೇಟ್ ಜಾಸ್ತಿ, ಒಂದು ತೋಟಕ್ಕೆ ಅಂತ ಕೊಳ್ಳೋದು ನನ್ನ ಕೇಳಿದ್ರೆ ದಂಡ, ಕೃಷಿ ವಿಜ್ಞಾನ ಕೇಂದ್ರದವರ ಹತ್ರಾನೋ ತೋಟಗಾರಿಕೆ ಕಾಲೇಜಿನವರ ಹತ್ರಾನೋ ಇದ್ರೆ ಒಂದು ರಾತ್ರಿ ಕರೆಸಿ ಅಳೆಸ್ಕೊಳ್ಳಿ. ಆಮೇಲೆ ಅದೇ ಜಾಗದಲ್ಲಿ ನಿಮ್ಮ ಲಕ್ಸ್ ಮೀಟರ್ ಎಷ್ಟು ತೋರಿಸತ್ತೆ ಅಂತ ಬರೆದಿಟ್ಕೊಂಡ್ರೆ, ಅದೇ ಮೀಟರ್ ಅದೇ ಲೈಟಿಗೆ ಮುಂದೆಲ್ಲ ಕೆಲಸಕ್ಕೆ ಬರತ್ತೆ. ಬಲ್ಬ್ ಬದಲಾಯಿಸಿದ್ರೆ ಆ ನಂಬರ್ ಮರೆತುಬಿಡಿ.

ಪ್ರಶ್ನೆ: ನಮ್ಮ ವಾರ್ಡಲ್ಲಿ ಕಾಮಾಲೆ ಆದ ಹಸುಗೂಸುಗಳಿಗೆ ನೀಲಿ ಲೈಟ್ ಕೊಡ್ತೀವಿ. ಲೈಟ್ ವೀಕ್ ಆಗಿದ್ಯಾ ಅಂತ ನೋಡೋಕೆ ಎಲೆಕ್ಟ್ರಿಷಿಯನ್ ಲಕ್ಸ್ ಮೀಟರ್ ತಂದ್ರು, ಡಾಕ್ಟರ್ ಬೇಡ ಅಂದ್ರು. ಯಾಕೆ?
(ಸ್ಟಾಫ್ ನರ್ಸ್, ತುಮಕೂರು)

ಉತ್ತರ: ಡಾಕ್ಟರ್ ಹೇಳಿದ್ದು ಸರಿ ಸಿಸ್ಟರ್. ಮಗುವಿನ ಚರ್ಮದಲ್ಲಿರೋ ಬಿಲಿರುಬಿನ್, ಅಂದ್ರೆ ಕಾಮಾಲೇಲಿ ಮೈ ಹಳದಿ ಮಾಡೋ ವಸ್ತು, ಬೆಳಕು ಹೀರಿ ರೂಪ ಬದಲಾಯಿಸಿಕೊಂಡು ಮೈಯಿಂದ ಹೊರಗೆ ಹೋಗೋಕೆ ಸುಲಭ ಆಗತ್ತೆ, ಅದಕ್ಕೆ ಬೇಕಾಗಿರೋದು 460ರಿಂದ 490 ನ್ಯಾನೋಮೀಟರ್ ಆಸುಪಾಸಿನ ನೀಲಿ. ಆ ಜಾಗದಲ್ಲಿ ಲಕ್ಸ್ ಮೀಟರ್ ಅರ್ಧ ಕುರುಡು, ಮೇಲೆ ಹೇಳಿದ ಕರ್ವ್ ಪ್ರಕಾರ 470ರ ಬೆಳಕಿಗೆ ಅದು ಕೊಡೋ ಬೆಲೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಏನಂದ್ರೆ, ವಾರ್ಡಿನ ಬಿಳಿ ಟ್ಯೂಬ್‌ಲೈಟ್ ಬೆಳಕು ಒಂಚೂರು ಬಿದ್ರೂ ರೀಡಿಂಗ್ ಮೇಲೇರತ್ತೆ, ಮಗುವಿಗೆ ಅದರಿಂದ ಅಷ್ಟೇನೂ ಉಪಯೋಗ ಇಲ್ಲ.

ಫೋಟೋಥೆರಪಿಗೆ, ಅಂದ್ರೆ ಈ ಬೆಳಕಿನ ಚಿಕಿತ್ಸೆಗೆ ಅಂತಾನೇ ಬೇರೆ ರೇಡಿಯೋಮೀಟರ್ ಇರತ್ತೆ, ಅದರ ಅಳತೆ ಒಂದು ಚದರ ಸೆಂಟಿಮೀಟರಿಗೆ, ಒಂದು ನ್ಯಾನೋಮೀಟರಿಗೆ ಇಷ್ಟು ಮೈಕ್ರೋವ್ಯಾಟ್ ಅಂತ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಜೋರು ಚಿಕಿತ್ಸೆಗೆ 30ಕ್ಕೆ ಕಮ್ಮಿ ಇರಬಾರದು ಅನ್ನತ್ತೆ. ಇದರಲ್ಲೂ ಒಂದು ತೊಡಕಿದೆ, ಎರಡು ಕಂಪನಿಯ ರೇಡಿಯೋಮೀಟರ್ ಒಂದೇ ಲೈಟ್ ಕೆಳಗೆ ಇಟ್ರೆ ಎರಡು ನಂಬರ್ ಬರಬಹುದು, ಯಾಕಂದ್ರೆ ಒಂದರ ಫಿಲ್ಟರ್ ಅಗಲ ಪಟ್ಟಿ ನೋಡತ್ತೆ, ಇನ್ನೊಂದರದ್ದು ಇಕ್ಕಟ್ಟು. ಹಾಗಾಗಿ ಲೈಟಿನ ಕಂಪನಿಯವರು ಯಾವ ಮೀಟರ್ ಹೇಳಿದ್ದಾರೋ ಅದನ್ನೇ ಬಳಸಿ, ಮಗು ಮಲಗೋ ಎತ್ತರದಲ್ಲೇ ಇಟ್ಟು ಅಳೀರಿ, ನಡು ಭಾಗ ಒಂದೇ ಅಲ್ಲ ತಲೆ ಕಡೆ ಕಾಲು ಕಡೇನೂ ನೋಡಿ.

ಇನ್ನೊಂದು ನಿಮಗೇ ಗೊತ್ತಿರತ್ತೆ, ಪಲ್ಸ್ ಆಕ್ಸಿಮೀಟರ್ ಕೂಡ ಬೆಳಕು ಅಳೆಯೋ ಯಂತ್ರಾನೇ, 660ರ ಕೆಂಪು ಮತ್ತೆ 940ರ ಇನ್‌ಫ್ರಾರೆಡ್ ಎರಡನ್ನೂ ಚರ್ಮದ ಮೂಲಕ ಬಿಟ್ಟು, ರಕ್ತ ಯಾವುದನ್ನ ಎಷ್ಟು ಹೀರ್ತು ಅಂತ ಹೋಲಿಸಿ ಆಕ್ಸಿಜನ್ ಲೆಕ್ಕ ಹೇಳತ್ತೆ. ಹೊರಗಿನ ಜೋರು ಬೆಳಕು ಅದರ ಸೆನ್ಸರ್ ಮೇಲೆ ಬಿದ್ರೆ ಗಲಿಬಿಲಿ ಆಗಬಹುದು, ಫೋಟೋಥೆರಪಿ ಕೆಳಗಿರೋ ಮಗುವಿನ ಪ್ರೋಬ್ ಮೇಲೆ ಬಟ್ಟೆ ಮುಚ್ಚೋದು ಅದಕ್ಕೇ. ಮನೇಲಿ ಅಜ್ಜಿಯರು ಎಳೆ ಬಿಸಿಲು ತೋರಿಸಿದ್ರೆ ಸಾಕು ಅಂತಾರೆ, ಬಿಸಿಲಲ್ಲೂ ನೀಲಿ ಇದೆ ನಿಜ, ಆದ್ರೆ ಜೊತೆಗೆ ಅಲ್ಟ್ರಾವಯೊಲೆಟ್ಟೂ ಇದೆ ಶಾಖಾನೂ ಇದೆ, ಎಷ್ಟು ಬಿತ್ತು ಅನ್ನೋ ಲೆಕ್ಕ ಇಲ್ಲ, ಚಿಕಿತ್ಸೆ ಬೇಕಾದ ಮಗುವಿಗೆ ಅದನ್ನ ನಂಬಿ ಕೂರೋಕಾಗಲ್ಲ.

ಪ್ರಶ್ನೆ: ಸೋಲಾರ್ ಪಾರ್ಕಲ್ಲಿ ಕೆಲಸ ಮಾಡ್ತೀನಿ. ನಮ್ಮಲ್ಲಿ ಬಿಸಿಲು ಅಳೆಯೋಕೆ ಎರಡು ಇವೆ, ಒಂದು ಗಾಜಿನ ಗುಮ್ಮಟದ್ದು, ಇನ್ನೊಂದು ಸಣ್ಣ ಪ್ಯಾನೆಲ್ ಥರದ್ದು. ಬಿಸಿಲಿದ್ದಾಗ ಎರಡೂ ಹತ್ತಿರ ಹತ್ತಿರ ಇರ್ತವೆ, ಮೋಡ ಬಂದ್ರೆ ಎರಡಕ್ಕೂ ತಾಳ ತಪ್ಪತ್ತೆ. ಯಾವುದನ್ನ ನಂಬಬೇಕು?
(ಟೆಕ್ನಿಷಿಯನ್, ಪಾವಗಡ)

ಉತ್ತರ: ತಿರುಮಣಿ ಸುತ್ತಮುತ್ತ 13,000 ಎಕರೆ ಜಾಗದಲ್ಲಿ 2,050 ಮೆಗಾವ್ಯಾಟ್ ಪ್ಯಾನೆಲ್ ಹಾಸಿರೋ ಕಡೆ ಈ ಪ್ರಶ್ನೆ ಬಂದ್ರೆ ಅದು ದುಡ್ಡಿನ ಪ್ರಶ್ನೇನೇ, ಬಿಸಿಲಿನ ಲೆಕ್ಕ ತಪ್ಪಿದ್ರೆ ಪ್ಲ್ಯಾಂಟ್ ಚೆನ್ನಾಗಿ ಓಡ್ತಿದ್ಯೋ ಇಲ್ವೋ ಅನ್ನೋ ಲೆಕ್ಕಾನೂ ತಪ್ಪತ್ತೆ. ಗುಮ್ಮಟದ್ದು ಪೈರನೋಮೀಟರ್. ಗಾಜಿನ ಒಳಗೆ ಕಪ್ಪು ಬಣ್ಣ ಬಳಿದ ತಟ್ಟೆ ಇರತ್ತೆ, ಕೆಳಗೆ ಥರ್ಮೋಪೈಲ್, ಬಿಸಿಲು ಬಿದ್ದು ಕಪ್ಪು ಬಿಸಿಯಾದ್ರೆ ಸಣ್ಣ ವೋಲ್ಟೇಜ್ ಹುಟ್ಟತ್ತೆ. ಕಪ್ಪಿಗೆ ನೀಲಿ ಕೆಂಪು ಅನ್ನೋ ಪಕ್ಷಪಾತ ಇಲ್ಲ, ಸುಮಾರು 285ರಿಂದ 2,800 ನ್ಯಾನೋಮೀಟರ್‌ವರೆಗೆ ಏನು ಬಂದ್ರೂ ಶಾಖವಾಗಿ ತಗೊಳ್ಳತ್ತೆ. ಸಣ್ಣ ಪ್ಯಾನೆಲ್ ಥರದ್ದು ರೆಫರೆನ್ಸ್ ಸೆಲ್, ಅದು ಸಿಲಿಕಾನ್. ಸಿಲಿಕಾನಿಗೆ 1,100 ನ್ಯಾನೋಮೀಟರ್ ಆಸುಪಾಸಲ್ಲಿ ಗೆರೆ ಎಳೆದ ಹಾಗೆ ಮುಗಿದೋಗತ್ತೆ, ಅದಕ್ಕಿಂತ ಉದ್ದ ತರಂಗದ ಕಣಗಳಿಗೆ ಅಲ್ಲಿ ಎಲೆಕ್ಟ್ರಾನ್ ಎಬ್ಬಿಸೋ ತಾಕತ್ತು ಇಲ್ಲ. ಬಿಸಿಲಿನ ಶಕ್ತೀಲಿ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಆ ಗೆರೆಯಿಂದ ಆಚೆ ಇದೆ, ಅಷ್ಟೂ ನಿಮ್ಮ ಪ್ಯಾನೆಲ್ಲಿಗೆ ವ್ಯರ್ಥ.

ಈಗ ಮೋಡದ ವಿಷಯ. ಗಾಳೀಲಿರೋ ನೀರಾವಿ ಬೆಳಕನ್ನ ಎಲ್ಲಾ ಕಡೆ ಸಮವಾಗಿ ತಿನ್ನಲ್ಲ, 940, 1,130, 1,400 ಹಿಂಗೆ ಇನ್‌ಫ್ರಾರೆಡ್ಡಲ್ಲೇ ದೊಡ್ಡ ದೊಡ್ಡ ತುತ್ತು ತಗೊಳ್ಳತ್ತೆ. ಮಳೆ ದಿನ ಕೆಳಗೆ ಬರೋ ಬೆಳಕು ಒಟ್ಟು ಕಮ್ಮಿ ಇದ್ರೂ ಅದರಲ್ಲಿ ಕಣ್ಣಿಗೆ ಕಾಣೋ ಪಾಲು ಜಾಸ್ತಿ, ಸಿಲಿಕಾನಿಗೆ ಅದೇ ಬೇಕಾಗಿರೋದು, ಆದ್ದರಿಂದ ಹೋಲಿಸಿದ್ರೆ ರೆಫರೆನ್ಸ್ ಸೆಲ್ ಸ್ವಲ್ಪ ಮೇಲೆ ನಿಲ್ಲತ್ತೆ. ಜೊತೆಗೆ ಸೆಲ್ ಥಟ್ಟಂತ ಏರಿಳಿಯತ್ತೆ, ಕಪ್ಪು ತಟ್ಟೆ ಬಿಸಿಯಾಗಿ ಆರೋಕೆ ಕೆಲವು ಸೆಕೆಂಡ್ ಬೇಕು, ಮೋಡ ಓಡ್ತಾ ಇದ್ರೆ ಒಂದು ಮುಂದೆ ಒಂದು ಹಿಂದೆ.

ಯಾವುದನ್ನ ನಂಬೋದು ಅಂದ್ರೆ, ಆಕಾಶದಿಂದ ಎಷ್ಟು ಶಕ್ತಿ ಬಂತು ಅಂತ ಕೇಳಿದ್ರೆ ಪೈರನೋಮೀಟರ್, ಪ್ಯಾನೆಲ್ ಕೈಗೆ ಸಿಗೋ ಪಾಲೆಷ್ಟು ಅಂತ ಕೇಳಿದ್ರೆ ರೆಫರೆನ್ಸ್ ಸೆಲ್. ಎರಡನ್ನೂ ಒಂದೇ ಕಾಲಮಲ್ಲಿ ಬೆರೆಸಿ ರಿಪೋರ್ಟ್ ಕಳಿಸೋದಷ್ಟೇ ತಪ್ಪು. ಹಾಗೇ ಗುಮ್ಮಟದ ಮೇಲಿನ ಧೂಳು ಒರೆಸಿ, ಪಾವಗಡದ ಧೂಳಿಗೆ ಯಾವ ತರಂಗಾಂತರದ ಹಂಗೂ ಇಲ್ಲ.

ಪ್ರಶ್ನೆ: ಲಕ್ಸ್ ಮೀಟರಿಂದ ಬೆಳಕಿನ ತರಂಗಾಂತರ ಕಂಡುಹಿಡೀಬಹುದಾ?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಶಿರಾ)

ಉತ್ತರ: ಆಗಲ್ಲ ಪುಟ್ಟಾ. ಅದರಿಂದ ಬರೋದು ಒಂದೇ ಒಂದು ನಂಬರ್, ಮಂದ ಹಸಿರೂ ಜೋರು ಕೆಂಪೂ ಒಂದೇ ನಂಬರ್ ಕೊಡಬಹುದು. ತರಂಗಾಂತರ ಬೇಕಂದ್ರೆ ಮೊದಲು ಬೆಳಕನ್ನ ಬಿಡಿಸಿ ಹರಡಬೇಕು, ಅದಕ್ಕೆ ಪ್ರಿಸಮ್ಮೋ ಗ್ರೇಟಿಂಗೋ (ಒತ್ತೊತ್ತಾಗಿ ಸಣ್ಣ ಗೆರೆ ಎಳೆದಿರೋ ತಟ್ಟೆ) ಬೇಕು, ಸ್ಪೆಕ್ಟ್ರೋಮೀಟರ್ ಮಾಡೋದು ಅದನ್ನೇ. ಮನೇಲಿ ಹಳೇ ಸಿಡಿ ಇದ್ರೆ ಅದೇ ಗ್ರೇಟಿಂಗ್, ಅದರ ಸಾಲುಗಳ ಮಧ್ಯೆ ಅಂತರ 1.6 ಮೈಕ್ರೋಮೀಟರ್. ಲ್ಯಾಬಲ್ಲಿರೋ ಸೋಡಿಯಂ ದೀಪದ 589 ನ್ಯಾನೋಮೀಟರ್ ಹಳದಿ ಅದರ ಮೇಲೆ ನೇರ ಬಿದ್ರೆ ಮೊದಲನೇ ಪಟ್ಟಿ 21.6 ಡಿಗ್ರಿಯಲ್ಲಿ ಬರಬೇಕು, 589ನ್ನ 1,600ರಿಂದ ಭಾಗಿಸಿ ಸೈನ್ ಟೇಬಲ್ ನೋಡು. ಮೊಬೈಲ್ ಟಾರ್ಚಲ್ಲಿ ಮಾಡಬೇಡ, ಅದರಲ್ಲಿ ಎಲ್ಲಾ ಬಣ್ಣ ಬೆರೆತಿರತ್ತೆ. ಲೇಸರ್ ಆದ್ರೆ ಕಣ್ಣಿಗೆ ಬಡಿಯತ್ತೆ, ಮೇಷ್ಟ್ರು ಪಕ್ಕದಲ್ಲಿದ್ರೆ ಮಾತ್ರ.

ಈ ಅಳತೆ ಎಷ್ಟು ಗಟ್ಟಿ ಅಂದ್ರೆ 1960ರಿಂದ 1983ರವರೆಗೆ ಮೀಟರ್ ಅನ್ನೋ ಉದ್ದಾನೇ ಕ್ರಿಪ್ಟಾನ್-86ರ ಕಿತ್ತಳೆ ಬೆಳಕಿನ 16,50,763.73 ತರಂಗಾಂತರ ಅಂತ ಇತ್ತು.

ಪ್ರಶ್ನೆ: ನಮ್ಮ ತಾತ ಚಾಂಪಿಯನ್ ರೀಫ್ ಗಣೀಲಿ ಕೆಲಸ ಮಾಡ್ತಿದ್ರು. ವಿಜ್ಞಾನಿಗಳು ಕೆಳಗೆ ಬಂದು ಕತ್ತಲಲ್ಲಿ ಬೆಳಕು ಅಳೀತಿದ್ರು ಅಂತಿದ್ರು. ನಿಜಾನಾ?
(ಗೃಹಿಣಿ, ಕೆಜಿಎಫ್)

ಉತ್ತರ: ನಿಜ ಕಣಮ್ಮಾ, ತಾತ ಸುಳ್ಳು ಹೇಳಿಲ್ಲ. 1965ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರು ಸೇರಿ ಅಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳ, ಅಂದ್ರೆ ಬಂಡೇನೂ ತೂರಿ ಹೋಗೋ ಅತಿ ಸಣ್ಣ ಕಣಗಳ ಗುರುತು ಹಿಡಿದ್ರು. ನ್ಯೂಟ್ರಿನೋ ಬಂಡೆಗೆ ಬಡಿದಾಗ ಹುಟ್ಟೋ ಕಣ ಸಿಂಟಿಲೇಟರ್ ಅನ್ನೋ ಪ್ಲಾಸ್ಟಿಕ್ ಮೂಲಕ ಹಾದು ಹೋದ್ರೆ ಕ್ಷಣ ಮಾತ್ರ ಮಿಣುಕ್ ಅನ್ನತ್ತೆ, ಅದನ್ನ ಫೋಟೋಮಲ್ಟಿಪ್ಲೈಯರ್ ಅನ್ನೋ ಟ್ಯೂಬ್ ಲಕ್ಷಾಂತರ ಪಟ್ಟು ದೊಡ್ಡದು ಮಾಡಿ ಹೇಳತ್ತೆ. ಆ ಪ್ಲಾಸ್ಟಿಕ್ಕಲ್ಲಿ ಹೊಳಪು ಹುಟ್ಟಿಸೋ ರಾಸಾಯನಿಕ ಬೆರೆಸುವಾಗ್ಲೇ ಬೆಳಕು ನೀಲಿಯಾಗಿ ಬರೋ ಹಂಗೆ ನೋಡ್ಕೋತಾರೆ, ಯಾಕಂದ್ರೆ ಈ ಟ್ಯೂಬಿನ ಕಣ್ಣು ಚುರುಕಾಗಿರೋದು ನೀಲೀಲಿ. ನರ್ಸ್ ಸಿಸ್ಟರ್ ಪ್ರಶ್ನೇಲಿ ಲೈಟಿಗೆ ತಕ್ಕ ಮೀಟರ್ ಹುಡುಕಿದ್ವಿ, ಇಲ್ಲಿ ಮೀಟರಿಗೆ ತಕ್ಕ ಬೆಳಕನ್ನೇ ತಯಾರು ಮಾಡಿದ್ದಾರೆ.

ಪ್ರಶ್ನೆ: ಗೌರಿಬಿದನೂರು ಹತ್ರ ಹೊಲದ ತುಂಬಾ ಕಂಬ ತಂತಿ ಇರೋದೂ ಟೆಲಿಸ್ಕೋಪೇ ಅಂತಾರಲ್ಲ, ಲೆನ್ಸೂ ಇಲ್ಲ ಕನ್ನಡೀನೂ ಇಲ್ಲ. ರೇಡಿಯೋ ಅಲೆನೂ ಬೆಳಕಿನ ಜಾತೀನೇ ಅಂತ ನಮ್ಮ ಸರ್ ಹೇಳಿದ್ರು.
(ಹೈಸ್ಕೂಲ್ ವಿದ್ಯಾರ್ಥಿನಿ, ಗೌರಿಬಿದನೂರು)

ಉತ್ತರ: ನಿಮ್ಮ ಸರ್ ಹೇಳಿದ್ದು ಸರಿ ಪುಟ್ಟೀ, ಜಾತಿ ಒಂದೇ, ಉದ್ದ ಮಾತ್ರ ಬೇರೆ. ಅಲ್ಲಿನ ಹಳೇ ಟಿ ಆಕಾರದ ಟೆಲಿಸ್ಕೋಪ್ ಕೇಳಿಸ್ಕೊಳ್ಳೋದು 34.5 ಮೆಗಾಹರ್ಟ್ಸ್, ಆ ಅಲೆಯ ಉದ್ದ 8.7 ಮೀಟರ್, ಹತ್ರ ಹತ್ರ ಒಂದು ಬಸ್ಸಿನ ಉದ್ದ. ಅಲೆ ಅಷ್ಟು ಉದ್ದ ಇದ್ರೆ ಅದನ್ನ ಹಿಡಿಯೋ ಯಂತ್ರಾನೂ ಹೊಲದಷ್ಟೇ ಆಗಬೇಕು, ಅದರ ಪೂರ್ವ-ಪಶ್ಚಿಮ ಸಾಲು 1.4 ಕಿಲೋಮೀಟರ್. ಅಷ್ಟು ದೊಡ್ಡದಾದ್ರೂ ಅದು ಬಿಡಿಸಿ ನೋಡಬಲ್ಲ ಚುಕ್ಕಿ ಸುಮಾರು ಹುಣ್ಣಿಮೆ ಚಂದ್ರನ ಅಗಲ, ನಿನ್ನ ಬರೀ ಕಣ್ಣು ಅದಕ್ಕಿಂತ ಎಷ್ಟೋ ವಾಸಿ, ಯಾಕಂದ್ರೆ ಕಣ್ಣಿಗೆ ಬರೋ ಅಲೆ ಅಷ್ಟು ಸಣ್ಣದು.

ಆದ್ರೆ ಒಂದು ವಿಷಯದಲ್ಲಿ ಈ ತಂತಿಗಳೇ ಮೇಲು. ಇದುವರೆಗೂ ಹೇಳಿದ ಲಕ್ಸ್ ಮೀಟರ್, ಪಾರ್ ಮೀಟರ್, ಸೋಲಾರ್ ಸೆಲ್ ಯಾವುದಕ್ಕೂ ಬೆಳಕಿನ ಅಲೆ ಕಾಣಲ್ಲ, ಅದು ಒಂದು ಸೆಕೆಂಡಿಗೆ ಐನೂರು ಲಕ್ಷ ಕೋಟಿ ಸಲ ಕುಣಿಯತ್ತೆ, ಆ ವೇಗ ಹಿಡಿಯೋ ಎಲೆಕ್ಟ್ರಾನಿಕ್ಸ್ ಇಲ್ಲ, ಬಂದ ಶಕ್ತಿ ಎಷ್ಟು ಅಂತ ಮಾತ್ರ ಎಣಿಸ್ತವೆ. ರೇಡಿಯೋ ಅಲೆ 34.5 ಮೆಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ ಮೂರೂವರೆ ಕೋಟಿ ಸಲಕ್ಕೂ ಕಮ್ಮಿ, ಅದು ಏರಿದ್ದು ಇಳಿದಿದ್ದು ಎಲ್ಲಾನೂ ತಂತೀಲಿ ಹಾಗೇ ಕರೆಂಟಾಗಿ ಬರತ್ತೆ, ಯಾವ ಕಂಬಕ್ಕೆ ಮೊದಲು ಬಂತು ಯಾವುದಕ್ಕೆ ಆಮೇಲೆ ಬಂತು ಅಂತ ಹೋಲಿಸಿದ್ರೆ ಎಲ್ಲಿಂದ ಬಂತು ಅನ್ನೋದು ಗೊತ್ತಾಗತ್ತೆ. ಲೆನ್ಸ್ ಮಾಡೋ ಕೆಲಸನ ಅಲ್ಲಿ ಕೇಬಲ್ಲು ಮತ್ತೆ ಲೆಕ್ಕಾಚಾರ ಮಾಡ್ತವೆ.

ಪ್ರಶ್ನೆ: ಶಾಲೆ ಕೊಠಡೀಲಿ ಬೆಳಕು ಸಾಕಾ ಅಂತ ಮೊಬೈಲ್ ಆ್ಯಪಲ್ಲಿ ನೋಡಬಹುದಾ? ಲಕ್ಸ್ ಮೀಟರ್ ಕೊಳ್ಳೋಕೆ ದುಡ್ಡಿಲ್ಲ.
(ಶಿಕ್ಷಕರು, ಮಾಲೂರು)

ಉತ್ತರ: ನೋಡಬಹುದು ಮೇಷ್ಟ್ರೇ, ಇಲ್ಲಿ ಓದೋದು ಮಕ್ಕಳ ಕಣ್ಣು, ಆದ್ದರಿಂದ ಲಕ್ಸೇ ಸರಿಯಾದ ಅಳತೆ. ಮೊಬೈಲಲ್ಲಿ ಸ್ಕ್ರೀನ್ ಬ್ರೈಟ್‌ನೆಸ್ ಹೆಚ್ಚುಕಮ್ಮಿ ಮಾಡೋಕೆ ಅಂತ ಮುಂದುಗಡೆ ಸಣ್ಣ ಲೈಟ್ ಸೆನ್ಸರ್ ಇರತ್ತೆ, ಎಷ್ಟೋ ಸೆನ್ಸರ್‌ಗಳಲ್ಲಿ ಒಂದು ಕಣ್ಣು ಎಲ್ಲಾ ಬೆಳಕನ್ನ, ಇನ್ನೊಂದು ಬರೀ ಇನ್‌ಫ್ರಾರೆಡ್ಡನ್ನ ನೋಡತ್ತೆ, ಮೊದಲನೇದರಿಂದ ಎರಡನೇದನ್ನ ಕಳೆದು ಲಕ್ಸ್ ಅಂದಾಜು ಮಾಡತ್ತೆ. ಕಿಟಕಿ ಬೆಳಕಿಗೆ ಪರವಾಗಿಲ್ಲ, ಟ್ಯೂಬ್‌ಲೈಟಿಗೆ ಸ್ವಲ್ಪ ದಾರಿ ತಪ್ಪತ್ತೆ, ಅದರ ಬೆಳಕು ಎಲ್ಲಾ ಕಡೆ ಹರಡಿರಲ್ಲ, 436, 546 ನ್ಯಾನೋಮೀಟರ್ ಹಿಂಗೆ ಕೆಲವೇ ಜಾಗದಲ್ಲಿ ಮೊಳೆ ಹೊಡೆದ ಹಾಗಿರತ್ತೆ. ಕೆಲವು ಆ್ಯಪ್ ಸೆನ್ಸರ್ ಬಿಟ್ಟು ಕ್ಯಾಮೆರಾದಿಂದ ಅಂದಾಜು ಮಾಡ್ತವೆ, ಅವು ಇನ್ನೂ ಸಡಿಲ. ತರಗತಿಗೆ 300 ಲಕ್ಸ್ ಆಸುಪಾಸು ಇರಬೇಕು. ಆ್ಯಪ್ 280 ಅಂದ್ರೆ ತಲೆ ಕೆಡಿಸ್ಕೋಬೇಡಿ, 90 ಅಂದ್ರೆ ಮಾತ್ರ ಇನ್ನೊಂದು ಟ್ಯೂಬಿಗೆ ಅರ್ಜಿ ಬರೀರಿ. ಫೋನನ್ನ ಡೆಸ್ಕ್ ಮೇಲೆ ಮಲಗಿಸಿ ಇಡಿ, ನಿಮ್ಮ ನೆರಳು ಬೀಳದ ಹಂಗೆ ಪಕ್ಕಕ್ಕೆ ನಿಂತು ನೋಡಿ, ಕಿಟಕಿ ಪಕ್ಕದ ಬೆಂಚಲ್ಲಿ ಅಲ್ಲ, ಗೋಡೆ ಪಕ್ಕದ ಕೊನೇ ಬೆಂಚಲ್ಲಿ.